ಕಾಲಿನ ಚಡಪಡಿಕೆಯ ಮಾತ್ರೆ ಬಿಡುವ ಮುಂಚೆ: ಸೋದರತ್ತೆಯ ಪತ್ರ

ವಿಜಯನಗರ, ಬೆಂಗಳೂರು

ಚಿ|| ಸೌ|| ಮಾನಸಾಗೆ ನಿನ್ನ ಸೋದರತ್ತೆ ಮಾಡುವ ಆಶೀರ್ವಾದಗಳು. ಉಭಯ ಕುಶಲೋಪರಿ.

ನಿನ್ನೆ ಫೋನಿನಲ್ಲಿ "ಅತ್ತೆ, ನಾಳೆಯಿಂದ ಆ ಮಾತ್ರೆ ಮುಟ್ಟೋದೇ ಇಲ್ಲ, ಸ್ಟ್ರಿಪ್ ಸಮೇತ ಕಸಕ್ಕೆ ಹಾಕ್ತೀನಿ" ಅಂದೆಯಲ್ಲ, ಆಗಿನಿಂದ ನನಗೆ ಸಮಾಧಾನವಿಲ್ಲ. ಬಿಡಬೇಕು ಅನ್ನುವ ನಿನ್ನ ತೀರ್ಮಾನಕ್ಕೆ ನನ್ನ ಪೂರ್ತಿ ಒಪ್ಪಿಗೆಯಿದೆ. ಆದರೆ ಏಕಾಏಕಿ ಬಿಡಬೇಡ ಕಣೇ. ಫೋನಿನಲ್ಲಿ ಹೇಳಿದ್ದು ಅಲ್ಲಿಗೇ ಮರೆತುಹೋಗುತ್ತದೆ. ಬರೆದು ಕಳಿಸಿದರೆ ನಿದ್ದೆ ಬಾರದ ಹೊತ್ತಿನಲ್ಲಿ ಇನ್ನೊಂದು ಸಲ ಓದಿಕೊಳ್ಳುತ್ತೀಯ.

ಈ ಕಾಲಿನ ಚಡಪಡಿಕೆ ನಮ್ಮ ಮನೆಗೆ ಹೊಸದಲ್ಲ. ನಿಮ್ಮಜ್ಜಿ ರಾತ್ರಿ ಊಟವಾದ ಮೇಲೆ ಚಾಪೆಯ ಮೇಲೆ ಬೋರಲು ಮಲಗಿ, ನನ್ನನ್ನೂ ನಿಮ್ಮಪ್ಪನನ್ನೂ ಕರೆದು "ಮೀನಖಂಡದ ಮೇಲೆ ನಿಂತು ತುಳೀರಿ" ಅನ್ನುತ್ತಿದ್ದರು. ಗೋಡೆ ಹಿಡಿದುಕೊಂಡು ಹಿಮ್ಮಡಿಯಿಂದ ಮಂಡಿಯ ತನಕ ತುಳಿಯುತ್ತಾ ಹೋಗುತ್ತಿದ್ದೆವು. ನಾವು ಇಳಿದರೆ ಸಾಕು, ಮತ್ತೆ ಶುರುವಾಯಿತೆಂದು ಎದ್ದು ಹಜಾರದಲ್ಲಿ ಓಡಾಡುವರು. ವಾಯು ಅಂತಲೇ ಎಲ್ಲರೂ ಅಂದುಕೊಂಡಿದ್ದರು. ಕೂತಾಗ ಮಲಗಿದಾಗ ಬರುವುದು, ಕಾಲಾಡಿಸಿದರೆ ತಗ್ಗುವುದು, ಹೊತ್ತು ಮುಳುಗಿದ ಮೇಲೆ ಹೆಚ್ಚುವುದು: ಇದೇ ಈ ಕಾಯಿಲೆಯ ಗುರುತು. ಸ್ವೀಡನ್ನಿನ ಕಾರ್ಲ್ ಎಕ್ಬಾಮ್ ಎಂಬ ನರರೋಗ ತಜ್ಞರು 1945ರಲ್ಲೇ ಇದನ್ನು ವಿವರವಾಗಿ ಬರೆದು ರೆಸ್ಟ್‌ಲೆಸ್ ಲೆಗ್ಸ್ ಎಂದು ಹೆಸರಿಟ್ಟರು. ಬಹಳ ಸಲ ವಂಶದಲ್ಲೇ ಇಳಿದು ಬರುತ್ತದೆ. ಯಾರಾದರೂ "ಎಲ್ಲಾ ಟೆನ್ಷನ್ ಕಣಮ್ಮಾ" ಅಂದರೆ ಕಿವಿಗೆ ಹಾಕಿಕೊಳ್ಳಬೇಡ.

ನೀನು ತೆಗೆದುಕೊಳ್ಳುತ್ತಿರುವ ಪ್ರಮಿಪೆಕ್ಸೋಲನ್ನೇ ನಾನೂ ನುಂಗುತ್ತಿದ್ದೆ. ಶುರುವಿನಲ್ಲಿ ದೇವರೇ ಕಣ್ಣು ಬಿಟ್ಟ ಅನ್ನಿಸಿತು, ಅಷ್ಟು ನಿದ್ದೆ. ಆಮೇಲಾಮೇಲೆ ರಾತ್ರಿ ಬರುತ್ತಿದ್ದದ್ದು ಸಂಜೆಗೇ ಬಂತು, ಸಂಜೆಯದ್ದು ಮಧ್ಯಾಹ್ನಕ್ಕೆ. ಕಾಲಲ್ಲಿದ್ದದ್ದು ತೋಳಿಗೂ ಹತ್ತಿತು. ಆಗ ನೋಡುತ್ತಿದ್ದ ಡಾಕ್ಟರು ಪ್ರತಿ ಸಲವೂ ಡೋಸ್ ಏರಿಸಿದರು, ಸಾಲ ತೀರಿಸಲು ಸಾಲ ಮಾಡಿದ ಹಾಗೆ. ಮಾತ್ರೆಯಿಂದಲೇ ಕಾಯಿಲೆ ಹೀಗೆ ಹೆಚ್ಚುವುದಕ್ಕೆ ಆಗ್ಮೆಂಟೇಷನ್ ಅನ್ನುತ್ತಾರೆ. ಮಿದುಳಿನ ಡೋಪಮಿನ್ ಎಂಬ ರಾಸಾಯನಿಕದಂತೆ ಕೆಲಸ ಮಾಡುವ ಪ್ರಮಿಪೆಕ್ಸೋಲ್, ರೋಪಿನಿರೋಲ್‌ನಂಥ ಔಷಧಿಗಳೇ ಕ್ರಮೇಣ ಹಲವರಲ್ಲಿ ಕಾಯಿಲೆಯನ್ನು ಬೆಳೆಸುತ್ತವೆ. ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2025ರ ಮಾರ್ಗಸೂಚಿಯಲ್ಲಿ ಇವನ್ನು ಮಾಮೂಲಿ ಚಿಕಿತ್ಸೆಯಾಗಿ ಕೊಡದಿರುವುದೇ ಮೇಲು ಎಂದಿದೆ. ನಿನಗೆ ಈಗ ಮಧ್ಯಾಹ್ನದ ಮೀಟಿಂಗಿನಲ್ಲೂ ಕೂರಲಾಗುತ್ತಿಲ್ಲ ಅಂದರೆ ಅದು ಇದೇ ಇರಬೇಕು. ಡಾಕ್ಟರು ಡೋಸ್ ಏರಿಸೋಣ ಅಂದರೆ ಒಪ್ಪುವ ಮುಂಚೆ ಆಗ್ಮೆಂಟೇಷನ್ ಅನ್ನುವ ಹೆಸರನ್ನೇ ಎತ್ತಿ ಕೇಳು.

ಇನ್ನೊಂದು ವಿಷಯ, ಬೇಜಾರು ಮಾಡಿಕೊಳ್ಳಬೇಡ. ನಡುರಾತ್ರಿಯಲ್ಲಿ ಮೊಬೈಲಿನಲ್ಲಿ ಸೀರೆ ಮೇಲೆ ಸೀರೆ ತರಿಸುತ್ತಿದ್ದೀಯೆಂದು ನಿನ್ನ ಗಂಡ ಹೇಳಿದರು. ಬೈಯಬೇಡಿ ಅಂದಿದ್ದೇನೆ. ತಡೆಯಲಾರದೆ ಖರೀದಿ ಮಾಡುವುದು, ಜೂಜಿಗೆ ಬೀಳುವುದು ಈ ಮಾತ್ರೆಗಳ ಗೊತ್ತಿರುವ ಅಡ್ಡಪರಿಣಾಮ. ನಿನ್ನ ಬುದ್ಧಿಗೇನೂ ಆಗಿಲ್ಲ. ಡಾಕ್ಟರ ಹತ್ತಿರ ನಾಚಿಕೆಯಿಲ್ಲದೆ ಇದನ್ನೂ ಹೇಳು.

ಬಿಡುವುದಕ್ಕೆ ಮೊದಲು ಕಬ್ಬಿಣದ ಲೆಕ್ಕ ನೋಡಿಸು. ಹಿಮೋಗ್ಲೋಬಿನ್ ಸರಿಯಿದೆ ಅಂದಮಾತ್ರಕ್ಕೆ ಸುಮ್ಮನಾಗಬೇಡ. ದೇಹದಲ್ಲಿ ಕೂಡಿಟ್ಟ ಕಬ್ಬಿಣ ತೋರಿಸುವ ಫೆರಿಟಿನ್, ರಕ್ತದಲ್ಲಿ ಸಾಗುವ ಕಬ್ಬಿಣ ತೋರಿಸುವ ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ ಎರಡೂ ಬೇಕು. ಲ್ಯಾಬಿನವರು ಫೆರಿಟಿನ್ 20 ಇದ್ದರೂ ನಾರ್ಮಲ್ ಅಂತ ಅಚ್ಚು ಹಾಕಿ ಕೊಡುತ್ತಾರೆ. ನಮ್ಮ ಕಾಯಿಲೆಗೆ ಅದು ಸಾಲದು, 75ರ ಒಳಗಿದ್ದರೆ ಕಬ್ಬಿಣ ಕೊಡಬೇಕೆನ್ನುತ್ತಾರೆ. ಮಿದುಳಿಗೆ ಕಬ್ಬಿಣ ಸಾಲದಿರುವುದೇ ಈ ಚಡಪಡಿಕೆಯ ಒಂದು ಮೂಲ. ಮುಟ್ಟಿನಲ್ಲಿ ನಿನಗೆ ರಕ್ತ ಹೆಚ್ಚು ಹೋಗುತ್ತದೆಂದು ನಿಮ್ಮಮ್ಮ ಹೇಳುತ್ತಿದ್ದರು, ಅದನ್ನು ಮರೆಯದೆ ತಿಳಿಸು. ಕಬ್ಬಿಣದ ಮಾತ್ರೆ ಕೊಟ್ಟರೆ ನಿಂಬೆಹಣ್ಣಿನ ಪಾನಕದ ಜೊತೆ ತಗೋ. ಹಿಂದೆಯೇ ಫಿಲ್ಟರ್ ಕಾಫಿ ಕುಡಿದರೆ ನುಂಗಿದ್ದು ದಂಡ. ಹಾಲು, ಕ್ಯಾಲ್ಸಿಯಂ ಮಾತ್ರೆಗೂ ಇದೇ ಮಾತು. ಮಾತ್ರೆ ಹೊಟ್ಟೆಗೆ ಒಗ್ಗದಿದ್ದರೆ, ಇಲ್ಲವೇ ಸಾಲದಿದ್ದರೆ, ಡ್ರಿಪ್ಪಿನಲ್ಲಿ ಕೊಡುವ ಕಬ್ಬಿಣವಿದೆ. ರಿಪೋರ್ಟ್ ನೋಡದೆ ಮೆಡಿಕಲ್ ಶಾಪಿನಿಂದ ತಂದು ನುಂಗಬೇಡ, ಕಬ್ಬಿಣ ಹೆಚ್ಚಾದರೂ ಕೆಡುಕೇ.

ಬೆಂಗಳೂರಿನ ಧೂಳಿಗೆ ನಿನಗೆ ಸದಾ ಸೀನು. ಮಂಪರು ತರಿಸುವ ಶೀತದ ಮಾತ್ರೆ, ಕ್ಲೋರ್‌ಫೆನಿರಮಿನ್ ಇರುವಂಥದ್ದು, ಕಾಲಿನ ಚಡಪಡಿಕೆ ಹೆಚ್ಚಿಸುತ್ತದೆ. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್ ಕೂಡ ಹಾಗೇ. ಖಿನ್ನತೆಯ ಕೆಲವು ಮಾತ್ರೆಗಳೂ ಹೆಚ್ಚಿಸಬಹುದು, ಆದರೆ ಅವನ್ನು ನೀನಾಗಿ ನಿಲ್ಲಿಸಕೂಡದು, ಕೇಳಿಯೇ ಬದಲಿಸಬೇಕು.

ಈಗ ಬಿಡುವ ಮಾತು. ನರರೋಗ ತಜ್ಞರನ್ನೇ ನೋಡು, ಹೊಸೂರು ರಸ್ತೆಯ ನಿಮ್ಹಾನ್ಸಿಗೆ ಹೋದರೂ ಆಯಿತು, ನಾನು ಜೊತೆಗೆ ಬರುತ್ತೇನೆ. ಗ್ಯಾಬಾಪೆಂಟಿನ್ ಅಥವಾ ಪ್ರಿಗ್ಯಾಬಲಿನ್ ಎಂಬ ಬೇರೆ ಬಗೆಯ ಔಷಧಿ ಶುರುಮಾಡಿ, ಅದು ಹಿಡಿದ ಮೇಲೆ ಹಳೆಯದನ್ನು ಚೂರುಚೂರೇ ಇಳಿಸುವುದು ವಾಡಿಕೆ. ಹೊಸದರಲ್ಲಿ ತಲೆಸುತ್ತು, ಮಂಪರು ಬರಬಹುದು, ಆ ದಿನಗಳಲ್ಲಿ ಸ್ಕೂಟರ್ ಮುಟ್ಟಬೇಡ. ನಿನ್ನ ಮಾತ್ರೆ ನಿಧಾನವಾಗಿ ಬಿಡುಗಡೆಯಾಗುವ ಬಗೆಯದಾದರೆ ಅದನ್ನು ತುಂಡು ಮಾಡಲೂಬಾರದು, ಡಾಕ್ಟರೇ ಬೇರೆ ಬರೆದುಕೊಡಬೇಕು. ಎರಡನೇ ಮಗುವಿನ ಯೋಚನೆಯಿದ್ದರೆ ಮೊದಲೇ ಬಾಯಿಬಿಟ್ಟು ಹೇಳು.

ಒಂದೊಂದು ಸಲ ಇಳಿಸಿದಾಗಲೂ ಕೆಲವು ರಾತ್ರಿ ಕೆಡುತ್ತದೆ. ಕೊನೆಯ ಚೂರು ಬಿಟ್ಟ ಮೇಲಿನ ದಿನಗಳು ಎಲ್ಲಕ್ಕಿಂತ ಕಷ್ಟ, ಒಂದೆರಡು ವಾರ ನಿದ್ದೆಯೇ ಹತ್ತದವರಿದ್ದಾರೆ. ನನಗೂ ಹಾಗೇ ಆಯಿತು. ಆಗ ಅವರೆಕಾಯಿ ಕಾಲ. ಸಂಜೆಯೇ ಕಾಳು ನೆನೆಹಾಕಿ, ಊರೆಲ್ಲ ಮಲಗಿದ ಮೇಲೆ ಅಡುಗೆಮನೆ ಕಟ್ಟೆಯ ಹತ್ತಿರ ನಿಂತು ಹಿತುಕುತ್ತಿದ್ದೆ. ಬೆರಳ ತುದಿಯಲ್ಲಿ ಒತ್ತಿದರೆ ಸಿಪ್ಪೆ ಕೈಯಲ್ಲಿ, ಬೇಳೆ ಬಟ್ಟಲಲ್ಲಿ. ಅದರಲ್ಲೇ ಮನಸ್ಸು ನೆಟ್ಟಾಗ ಕಾಲು ತುಸು ಸುಮ್ಮನಿರುತ್ತಿತ್ತು. ಟೀವಿ ಮುಂದೆ ಕೂತರೆ ಅದೇ ಕಾಲು ಕುಣಿಯುವುದು. ಕೈಗೂ ತಲೆಗೂ ಕೆಲಸ ಕೊಡುವಂಥದ್ದು ಏನಾದರೂ ಹುಡುಕಿಕೋ, ನೀನು ಸೂಡೊಕು ಬಿಡಿಸುತ್ತಿದ್ದೆಯಲ್ಲ. ಮೀನಖಂಡಕ್ಕೆ ಬಿಸಿನೀರೋ ತಣ್ಣೀರೋ, ನಿನಗೆ ಹಿತವಾದದ್ದು ಸುರಿದುಕೋ. ಮಧ್ಯಾಹ್ನದ ಮೇಲೆ ಕಾಫಿ ಬೇಡ. ಹಾಸಿಗೆಯಲ್ಲಿ ಹೊರಳಾಡುತ್ತಾ ಗಡಿಯಾರ ನೋಡಬೇಡ, ಎದ್ದು ಓಡಾಡು. ಆ ಕೊನೆಯ ಹಂತಕ್ಕೆ ಆಫೀಸಿನಲ್ಲಿ ರಜೆ ಕೇಳು, ಮ್ಯಾನೇಜರಿಗೆ ಕಾಯಿಲೆಯ ಹೆಸರನ್ನೇ ಹೇಳು.

ಮನಸ್ಸಿನ ಮೇಲೆ ಕಣ್ಣಿಡು, ಇದನ್ನು ಒತ್ತಿ ಹೇಳುತ್ತಿದ್ದೇನೆ. ಈ ಮಾತ್ರೆ ಬಿಡುವಾಗ ಕೆಲವರಿಗೆ ದಿಗಿಲು, ಅಳು, ಯಾವುದರಲ್ಲೂ ಆಸೆಯಿಲ್ಲದ ಸ್ಥಿತಿ ಬರುತ್ತದೆ. ಮಾತ್ರೆಯೇ ಮತ್ತೆ ಬೇಕೆನ್ನಿಸುತ್ತದೆ. ಮಿದುಳು ಔಷಧಿಯಿಲ್ಲದೆ ಹೊಂದಿಕೊಳ್ಳುವಾಗಿನ ಪಾಡು ಅದು. ಅಂಥದ್ದಾದರೆ ಅದೇ ದಿನ ಡಾಕ್ಟರಿಗೆ ಫೋನ್ ಮಾಡು, ಇಳಿಸುವ ವೇಗ ತಗ್ಗಿಸುತ್ತಾರೆ. ತೀರಾ ತಡೆಯಲಾಗದವರಿಗೆ ಕೊಡುವ ಬೇರೆ ಔಷಧಿಗಳೂ ತಜ್ಞರ ಹತ್ತಿರ ಇವೆ. ಜೀವವೇ ಬೇಡವೆನ್ನಿಸಿದರೆ ನನ್ನನ್ನು ಎಬ್ಬಿಸು, ಹೊತ್ತು ನೋಡಬೇಡ. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ.

ನನಗೆ ಕಾಯಿಲೆ ಪೂರ್ತಿ ಹೋಗಿಲ್ಲ. ದೂರದ ಬಸ್ಸಿನಲ್ಲಿ ಈಗಲೂ ಓಡಾಡುವ ದಾರಿಯ ಪಕ್ಕದ ಸೀಟನ್ನೇ ಕೇಳುತ್ತೇನೆ. ಆದರೆ ಮಧ್ಯಾಹ್ನಗಳು ನನ್ನವಾಗಿವೆ, ರಾತ್ರಿ ಮಲಗುತ್ತೇನೆ.

ಡಾಕ್ಟರು ತಾರೀಕು ಗೊತ್ತುಮಾಡಿದ ಕೂಡಲೇ ತಿಳಿಸು. ಅಲ್ಲಿಯ ತನಕ ಈಗಿನ ಡೋಸನ್ನೇ ತಗೋ, ಹೆಚ್ಚೂ ಬೇಡ ಕಡಿಮೆಯೂ ಬೇಡ. ಯಾವ ಹೊತ್ತಿಗೆ ಶುರುವಾಗುತ್ತದೆ, ಎಲ್ಲೆಲ್ಲಿ ಹತ್ತುತ್ತದೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು. ವಿಜಯನಗರದಿಂದ ನೇರಳೆ ಮಾರ್ಗದ ಮೆಟ್ರೊ ಹತ್ತಿದರೆ ನಿಮ್ಮ ವೈಟ್‌ಫೀಲ್ಡಿಗೆ ನೇರ. ಕೊನೆಯ ಹಂತಕ್ಕೆ ನಾನು ಬಂದು ಇರುತ್ತೇನೆ. ಬೆಳಗ್ಗೆ ಪುಟ್ಟನನ್ನು ಶಾಲೆ ಬಸ್ಸಿಗೆ ಹತ್ತಿಸುವುದು, ತಿಂಡಿ ಮಾಡುವುದು ನನ್ನ ಪಾಲು, ನೀನು ನಿದ್ದೆ ಬಂದಾಗ ಮಲಗು.

ಇತಿ ಆಶೀರ್ವಾದಗಳು,
ನಿನ್ನ ಸೋದರತ್ತೆ