ಟಾರ್ಚಿನ ಸೆಲ್ ಆಟದ ಸಾಮಾನಲ್ಲ

ಮಾನ್ಯ ಸಂಪಾದಕರೇ,

ತಿಪಟೂರು ತಾಲ್ಲೂಕಿನಲ್ಲಿ ನನ್ನದೊಂದು ಸಣ್ಣ ರಿಪೇರಿ ಅಂಗಡಿ ಇದೆ. ಮಿಕ್ಸಿ, ಫ್ಯಾನು, ಇಸ್ತ್ರಿ ಪೆಟ್ಟಿಗೆ, ಟಾರ್ಚು ಇವೇ ನನ್ನ ಕೆಲಸ. ನಮ್ಮ ಕಡೆ ಟಾರ್ಚ್ ಇಲ್ಲದ ಮನೆಯಿಲ್ಲ. ತ್ರೀಫೇಸ್ ಕರೆಂಟ್ ರಾತ್ರಿ ಕೊಟ್ಟರೆ ತೋಟಕ್ಕೆ ನೀರು ಬಿಡಲು ರಾತ್ರಿಯೇ ಹೋಗಬೇಕು. ಹಾಗಾಗಿ ಟಾರ್ಚ್ ರಿಪೇರಿಗೆ ಬಂದರೆ ಯಾಕೆ, ಏನು ಅಂತ ನಾನು ಯಾವತ್ತೂ ಕೇಳಿದವನಲ್ಲ. ಹೋದ ತಿಂಗಳು ಮೊದಲ ಸಲ ಕೇಳಬೇಕಾಯಿತು.

ಪಿಯುಸಿ ಓದುವ ಇಬ್ಬರು ಹುಡುಗರು ಬಂದರು. "ಅಂಕಲ್, ಸ್ವಿಚ್ ತುಂಬಾ ಬಿಸಿಯಾಗುತ್ತೆ. ಸ್ವಲ್ಪ ದೊಡ್ಡದು ಹಾಕಿಕೊಡಿ" ಅಂದರು. ಸಂತೆಯಲ್ಲಿ ನೂರೈವತ್ತು ರೂಪಾಯಿಗೆ ಸಿಗುವ ಟಾರ್ಚ್ ಅದು. ಆದರೆ ಮುಂದೆ ಗಾಜೂ ಇಲ್ಲ, ಎಲ್‌ಇಡಿಯೂ ಇಲ್ಲ. ಅಲ್ಲಿ ಬೇರೇನೋ ಕೂರಿಸಿದ ಗುರುತು. ಮೂಗಿನ ಹತ್ತಿರ ಹಿಡಿದರೆ ಮಾವಿನಹಣ್ಣಿನ ಎಸೆನ್ಸ್ ವಾಸನೆ. ಹಿಂದಿನ ಮುಚ್ಚಳ ತಿರುಗಿಸಿದೆ. ಒಳಗಿನ ಸ್ಪ್ರಿಂಗು ನೀಲಿಗಟ್ಟಿತ್ತು. ಬೆರಳಿಂದ ಒತ್ತಿದರೆ ಒತ್ತಿದ ಹಾಗೇ ಉಳಿಯಿತು. ಸೆಲ್ ಮೇಲಿನ ಪ್ಲಾಸ್ಟಿಕ್ ಹೊದಿಕೆ ಒಂದು ತುದಿಯಲ್ಲಿ ಕರಗಿ ಮುದುಡಿತ್ತು. ಅಷ್ಟು ಸಾಕಾಯಿತು ನನಗೆ. ಟಾರ್ಚನ್ನು ವೇಪ್ ಮಾಡಿಕೊಂಡಿದ್ದರು, ಅಂದರೆ ಬ್ಯಾಟರಿಯಿಂದ ದ್ರವ ಕಾಯಿಸಿ ಅದರ ಆವಿ ಸೇದುವ ಇ-ಸಿಗರೇಟ್.

"ಇದರಲ್ಲಿ ಹೊಗೆ ಇಲ್ಲ ಅಂಕಲ್, ಬರೀ ಆವಿ" ಅಂದ ಒಬ್ಬ. ಅವನಿಗೆ ಸುಳ್ಳು ಹೇಳುವ ಉದ್ದೇಶ ಇರಲಿಲ್ಲ. ನಿಜವಾಗಿಯೂ ಹಾಗೇ ನಂಬಿದ್ದ. ಈ ಪತ್ರ ಬರೆಯಲು ಅದೇ ಕಾರಣ.

ಇದು ಈ ಹುಡುಗರ ತಲೆಗೆ ಮೊದಲು ಹೊಳೆದದ್ದಲ್ಲ. ಇ-ಸಿಗರೇಟ್ ಹೊರದೇಶಗಳಲ್ಲಿ ಹೊಸದಾಗಿ ಬಂದಾಗ ಅದು ಸಿಗರೇಟಿನಷ್ಟೇ ಸಣ್ಣಗಿತ್ತು, ಬ್ಯಾಟರಿಯೂ ಪುಟ್ಟದು. ಚಾರ್ಜ್ ಬೇಗ ಮುಗಿಯುತ್ತಿತ್ತು. ಆಗ ಅಲ್ಲಿನ ಕೆಲವರು ಟಾರ್ಚಿನ ಕೊಳವೆಯನ್ನು ದೊಡ್ಡ ಸೆಲ್ ಇಡುವ ಡಬ್ಬಿಯಾಗಿ ಬಳಸಿದರು. ಮಾರ್ಪಡಿಸಿದ್ದು ಎಂಬ ಅರ್ಥದಲ್ಲಿ ಅದಕ್ಕೆ 'ಮಾಡ್' ಎಂದು ಹೆಸರೂ ಬಂತು. ಸಿಗರೇಟ್ ಬಿಡಬೇಕು ಅಂತ ಹೊರಟ ದೊಡ್ಡವರೂ ಅವರಲ್ಲಿ ಇದ್ದರು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನನ್ನ ಮುಂದೆ ನಿಂತಿದ್ದ ಹುಡುಗರು ಸಿಗರೇಟನ್ನು ಹಿಡಿದವರೇ ಅಲ್ಲ. ಬಿಡುವುದಕ್ಕೇನಿದೆ?

ಈಗ ಸೆಲ್ ವಿಷಯಕ್ಕೆ ಬರುತ್ತೇನೆ. ನಮ್ಮ ಕಾಲದ ಟಾರ್ಚಿನಲ್ಲಿ ಎರಡು ದಪ್ಪ ಸೆಲ್ ಇರುತ್ತಿದ್ದವು. ಒಂದೊಂದೂ ಒಂದೂವರೆ ವೋಲ್ಟ್. ಅದರ ಎರಡು ತುದಿಗೆ ತಂತಿ ಮುಟ್ಟಿಸಿ ಬಲ್ಬ್ ಹೊತ್ತಿಸಿಯೇ ನಾವೆಲ್ಲ ವಿಜ್ಞಾನ ಕಲಿತದ್ದು. ಏನೂ ಆಗುತ್ತಿರಲಿಲ್ಲ. ಈಗಿನ ಚಾರ್ಜ್ ಟಾರ್ಚಿನಲ್ಲಿ ಇರುವುದು ಬಹುಪಾಲು 18650 ಎಂಬ ಲಿಥಿಯಂ ಸೆಲ್. 18 ಮಿಲಿಮೀಟರ್ ಅಡ್ಡಳತೆ, 65 ಮಿಲಿಮೀಟರ್ ಉದ್ದ, ಅದಕ್ಕೇ ಆ ಹೆಸರು. ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್. ಇದೇ ಜಾತಿಯ ಬ್ಯಾಟರಿಯನ್ನು ರೂಪಿಸಿದ ಮೂವರಿಗೆ 2019ರಲ್ಲಿ ನೊಬೆಲ್ ಬಂತು. ಸೆಲ್ ಕೆಟ್ಟದ್ದಲ್ಲ. ಆದರೆ ಅದರೊಳಗಿನ ಕಸುವು ಹಳೇ ಸೆಲ್‌ನದ್ದಲ್ಲ.

ಲೆಕ್ಕ ನೋಡಿ. ಹಳೇ ಟಾರ್ಚಿನ ಬಲ್ಬ್ ಎಳೆಯುತ್ತಿದ್ದದ್ದು ಒಂದು ಆಂಪಿಯರ್‌ನ ಮೂರನೇ ಒಂದು ಭಾಗದಷ್ಟು ಕರೆಂಟ್. ವೇಪ್‌ನಲ್ಲಿ ಕಾಯುವ ತಂತಿಸುರುಳಿಯ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, 0.2 ಓಮ್ ಇದ್ದರೆ 4.2 ವೋಲ್ಟನ್ನು ಅದರಿಂದ ಭಾಗಿಸಿ, ಕರೆಂಟ್ ಇಪ್ಪತ್ತು ಆಂಪಿಯರ್ ಮೀರುತ್ತದೆ. ಮನೆಯ ಸಾದಾ ಇಸ್ತ್ರಿ ಪೆಟ್ಟಿಗೆಯೂ ಐದು ಆಂಪಿಯರ್ ದಾಟುವುದು ಅಪರೂಪ. ಇಪ್ಪತ್ತು ಆಂಪಿಯರ್ ಕರೆಂಟನ್ನು ನೂರೈವತ್ತು ರೂಪಾಯಿ ಟಾರ್ಚಿನ ಸ್ವಿಚ್ಚು, ಸ್ಪ್ರಿಂಗು ತಡೆದುಕೊಳ್ಳುತ್ತವಾ? ನೀಲಿಗಟ್ಟಿದ ಆ ಸ್ಪ್ರಿಂಗೇ ಉತ್ತರ. ಜಾಸ್ತಿ ಕರೆಂಟ್ ಹರಿದರೆ ನಿಲ್ಲಿಸಬೇಕಾದ ಸರ್ಕ್ಯೂಟ್ ಅದರಲ್ಲಿ ಇರುವುದೇ ಇಲ್ಲ. ಸೆಲ್ ಕಾದು ಒಳಗೆ ಗ್ಯಾಸ್ ತುಂಬಿಕೊಂಡರೆ ಹೊರಗೆ ಹೋಗಲು ದಾರಿಯಿಲ್ಲ. ಸುತ್ತ ಲೋಹದ ಕೊಳವೆ, ಎರಡೂ ಕಡೆ ಬಿಗಿದ ಮುಚ್ಚಳ. ಜಾತ್ರೆಯಲ್ಲಿ ಗರ್ನಾಲು ಕಟ್ಟುವವರಿಗೆ ನಾನು ಮುಂದೆ ಹೇಳಬೇಕಾಗಿಲ್ಲ. ಇದನ್ನು ಈ ಮಕ್ಕಳು ತುಟಿಗೆ ಇಟ್ಟುಕೊಳ್ಳುತ್ತಾರೆ.

ಹೆದರಿಸಲು ಹೇಳುತ್ತಿಲ್ಲ. ಅಮೆರಿಕದ ಫ್ಲಾರಿಡಾದಲ್ಲಿ 2018ರಲ್ಲಿ ಒಬ್ಬರು ಹೀಗೇ ಸತ್ತರು. ಸಿಡಿದ ಸಾಧನದ ಚೂರುಗಳು ತಲೆಯೊಳಕ್ಕೆ ಹೊಕ್ಕಿದ್ದವು. ಮರುವರ್ಷ ಟೆಕ್ಸಾಸ್‌ನಲ್ಲಿ 24 ವರ್ಷದ ಹುಡುಗನ ಕುತ್ತಿಗೆಯ ರಕ್ತನಾಳ ಕತ್ತರಿಸಿಹೋಯಿತು. ಅವು ಟಾರ್ಚಿನಿಂದ ಮಾಡಿದವೂ ಅಲ್ಲ, ವೇಪ್ ಅಂತಲೇ ತಯಾರಾಗಿದ್ದವು. 2009ರಿಂದ 2016ರವರೆಗೆ ಅಲ್ಲಿನ ಮಾಧ್ಯಮಗಳಲ್ಲಿ ಬಂದ ಬೆಂಕಿ, ಸ್ಫೋಟದ ಪ್ರಕರಣಗಳೇ 195 ಎಂದು ಅಲ್ಲಿನ ಅಗ್ನಿಶಾಮಕ ಆಡಳಿತ ಲೆಕ್ಕ ಹಾಕಿದೆ. ಅದರಲ್ಲಿ 61 ಜೇಬಿನಲ್ಲಿದ್ದಾಗ ಆದವು. ಈ ಸೆಲ್‌ನ ಮೈಯೆಲ್ಲ ಮೈನಸ್, ತಲೆಯ ಗುಂಡಿ ಮಾತ್ರ ಪ್ಲಸ್. ನಡುವೆ ಇರುವುದು ಆ ತೆಳು ಪ್ಲಾಸ್ಟಿಕ್ಕೇ. ಅದು ಹರಿದ ಸೆಲ್ ಜೇಬಿನಲ್ಲಿದ್ದು, ಬೈಕಿನ ಕೀ ತಾಗಿದರೆ ಮುಗಿಯಿತು.

ನಮ್ಮಲ್ಲಿ ಸಿಗುವ ಬಿಡಿ ಸೆಲ್‌ಗಳಂತೂ ಇನ್ನೂ ಕಷ್ಟ. ಆ ಹುಡುಗರ ಸೆಲ್ ಮೇಲೆ 9800 ಎಂಎಎಚ್ ಅಂತ ದೊಡ್ಡದಾಗಿ ಅಚ್ಚಾಗಿತ್ತು. ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ ಅದು. ಈ ಅಳತೆಯ ಸೆಲ್‌ನಲ್ಲಿ ಹೆಸರಾಂತ ಕಂಪನಿಗಳೇ ಸಾಮಾನ್ಯವಾಗಿ ಕೊಡುವುದು 3500ರ ಆಸುಪಾಸು. ಅನುಮಾನ ಬಂದು ಪಕ್ಕದ ದಿನಸಿ ಅಂಗಡಿಯ ತಕ್ಕಡಿಗೆ ಇಟ್ಟೆ. 31 ಗ್ರಾಂ ತೋರಿಸಿತು. ಒಳ್ಳೆಯ ಸೆಲ್ 45 ಗ್ರಾಂ ಹತ್ತಿರ ತೂಗುತ್ತದೆ. ಹಳೇ ಲ್ಯಾಪ್‌ಟಾಪ್ ಬ್ಯಾಟರಿ ಬಿಚ್ಚಿ, ಹೊಸ ಹೊದಿಕೆ ಹಾಕಿ ಮಾರುವ ಸೆಲ್‌ಗಳೂ ಇವೆ. ಟಾರ್ಚಿಗೆ ಹಾಕಿದರೆ ಸಾಮಾನ್ಯವಾಗಿ ಬೆಳಕು ಬೇಗ ಮಂಕಾಗುತ್ತದೆ. ವೇಪ್‌ಗೆ ಹಾಕಿದರೆ ಕಥೆ ಬೇರೆ.

ಇನ್ನು "ಬರೀ ಆವಿ" ಅನ್ನುವುದು. ಆ ದ್ರವದಲ್ಲಿ ಸಾಮಾನ್ಯವಾಗಿ ನಿಕೋಟಿನ್ ಇರುತ್ತದೆ. ಹುಣಸೂರು, ಪಿರಿಯಾಪಟ್ಟಣದ ತಂಬಾಕು ಬೆಳೆಗಾರರನ್ನು ಕೇಳಿ ನೋಡಿ. ಒದ್ದೆ ಎಲೆ ಕೀಳುವಾಗ ನಿಕೋಟಿನ್ ಚರ್ಮದಿಂದಲೇ ಒಳಗಿಳಿದು ತಲೆಸುತ್ತು, ವಾಂತಿ ಬರುತ್ತದೆ. ಹುಳ ಸಾಯಲೆಂದು ಹೊಗೆಸೊಪ್ಪಿನ ಕಷಾಯ ಹೊಡೆಯುತ್ತಿದ್ದ ನಾಡು ನಮ್ಮದು. ಸುರುಳಿ ಅತಿಯಾಗಿ ಕಾದರೆ ದ್ರವ ಸುಟ್ಟು ಫಾರ್ಮಾಲ್ಡಿಹೈಡ್ ಎಂಬ ವಿಷದ ಅನಿಲ ಹುಟ್ಟುತ್ತದೆ. ಬಿಸಿಗೆ ಲಗಾಮಿಲ್ಲದ ಟಾರ್ಚಿನಲ್ಲಿ ಅತಿಯಾಗಿ ಕಾಯುವುದು ಸುಲಭ. ಎಲ್ಲಿಂದಲೋ ತಂದ ದ್ರವ ಸೇದಿದ್ದರ ಫಲವನ್ನೂ ಅಮೆರಿಕ ಕಂಡಿದೆ. 2019-20ರಲ್ಲಿ ಶ್ವಾಸಕೋಶ ಹಾಳಾಗಿ 2,800ಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. 68 ಜನ ಉಳಿಯಲಿಲ್ಲ. ಬಹಳಷ್ಟು ಜನ ಸೇದಿದ್ದು ಗಾಂಜಾದ ಅಂಶ ಬೆರೆಸಿದ ಕಳ್ಳಮಾಲು. ಅದಕ್ಕೆ ಸೇರಿಸಿದ್ದ ವಿಟಮಿನ್ ಇ ಅಸಿಟೇಟ್ ಎಂಬ ಎಣ್ಣೆಯಂಥ ವಸ್ತುವಿನ ಮೇಲೆಯೇ ದೊಡ್ಡ ಅನುಮಾನ.

ನಮ್ಮಲ್ಲಿ ಕಾನೂನು ಇದೆ. ಕರ್ನಾಟಕ 2016ರಲ್ಲೇ ಇ-ಸಿಗರೇಟ್ ನಿಷೇಧಿಸಿತು, ಕೇಂದ್ರ 2019ರಲ್ಲಿ. ಮಾರುವುದಷ್ಟೇ ಅಲ್ಲ, ತಯಾರಿಸುವುದೂ ಅಪರಾಧ. ಮೊದಲ ಸಲಕ್ಕೇ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ನಿಷೇಧ ಸರಿಯೇ ಅಂತ ನಾನು ನಂಬುತ್ತೇನೆ. ಆದರೆ ಕಾನೂನು ಅಂಗಡಿಯ ಬಾಗಿಲು ಮುಚ್ಚಬಹುದು, ಟಾರ್ಚಿನ ಮುಚ್ಚಳ ಬಿಚ್ಚುವ ಹುಡುಗನ ಕೈ ಹಿಡಿಯುವವರು ಯಾರು? "ಇದು ಅಪರಾಧ ಕಣೋ" ಅಂದಾಗ ಆ ಹುಡುಗರಿಬ್ಬರೂ ಕಣ್ಣು ಬಿಟ್ಟರು. ಅವರಿಗೆ ಯಾರೂ ಹೇಳಿರಲಿಲ್ಲ.

ಒಬ್ಬನ ಅಪ್ಪ ನನಗೆ ಪರಿಚಯ, ಕೊಬ್ಬರಿ ವ್ಯಾಪಾರಿ. ಸಂಜೆ ಅವರ ಕೈಗೆ ಟಾರ್ಚ್ ಕೊಟ್ಟೆ. ತಿರುಗಿಸಿ ಮುರುಗಿಸಿ ನೋಡಿ, "ಇದು ಟಾರ್ಚ್ ತಾನೇ ಅಣ್ಣಾ, ಇದರಲ್ಲೇನಿದೆ?" ಅಂದರು. ಎರಡು ತಿಂಗಳಿಂದ ಅದು ಮಗನ ದಿಂಬಿನ ಪಕ್ಕದಲ್ಲೇ ಇತ್ತಂತೆ. ಅವರನ್ನು ಅಲ್ಲೇ ಕೂರಿಸಿ ಸ್ಪ್ರಿಂಗ್ ತೋರಿಸಿದೆ. ಮಾತೇ ಆಡಲಿಲ್ಲ ಪಾಪ.

ಹೈಸ್ಕೂಲು, ಪಿಯುಸಿ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ. ಓಮ್‌ನ ನಿಯಮ ಪಾಠ ಮಾಡುವ ದಿನ ಈ ಇಪ್ಪತ್ತು ಆಂಪಿಯರ್ ಲೆಕ್ಕವನ್ನೂ ಬೋರ್ಡಿನ ಮೇಲೆ ಬರೆಯಿರಿ. ಹುಡುಗರಿಗೆ ಬೈದರೆ ಬಚ್ಚಿಡುತ್ತಾರೆ, ಲೆಕ್ಕ ತೋರಿಸಿದರೆ ಯೋಚಿಸುತ್ತಾರೆ. ನನ್ನಂಥ ಅಂಗಡಿಯವರು ಯೂನಿಫಾರ್ಮ್ ಹಾಕಿಕೊಂಡು ಬಂದವರಿಗೆ ಬಿಡಿ ಲಿಥಿಯಂ ಸೆಲ್ ಮಾರಬಾರದು. ನಾನು ನಿಲ್ಲಿಸಿದ್ದೇನೆ.

ತಮ್ಮ ಪತ್ರಿಕೆಯಲ್ಲೂ ಒಂದು ಕೋರಿಕೆ. ಹಳೇ ಬ್ಯಾಟರಿ ವಾಪಸ್ ಪಡೆಯುವ ಹೊಣೆ ತಯಾರಕರದ್ದು ಎಂದು 2022ರ ನಿಯಮ ಹೇಳುತ್ತದೆ. ನಮ್ಮಂಥ ಸಣ್ಣ ಊರಿನವರು ಅದನ್ನು ಎಲ್ಲಿ, ಯಾರಿಗೆ ಕೊಡಬೇಕು ಅಂತ ದಯವಿಟ್ಟು ವಿಚಾರಿಸಿ ಪ್ರಕಟಿಸಿ. ಆ ಹುಡುಗರ ಸೆಲ್ ಇನ್ನೂ ನನ್ನ ಹತ್ತಿರವೇ ಇದೆ. ತುದಿಗಳಿಗೆ ಟೇಪ್ ಸುತ್ತಿ, ಮರಳು ತುಂಬಿದ ಡಬ್ಬದಲ್ಲಿಟ್ಟು ಹಿತ್ತಲಿನ ಕಲ್ಲಿನ ಮೇಲೆ ಇರಿಸಿದ್ದೇನೆ.

ಇಂತಿ,
ಒಬ್ಬ ರಿಪೇರಿ ಅಂಗಡಿಯವ,
ತಿಪಟೂರು ತಾಲ್ಲೂಕು