ಸೂಜಿಯಿಂದ ತಿದ್ದುವ ಅಕ್ಷರ

ಧಾರವಾಡ

ಮಗಳಿಗೆ ಅಪ್ಪನ ಆಶೀರ್ವಾದ.

ಇಲ್ಲಿ ನಾವಿಬ್ಬರೂ ಆರಾಮ. ನಾಲ್ಕು ದಿನದಿಂದ ಮಳೆ ಹಿಡಿದುಕೊಂಡಿದೆ. ನೀನು ಅಕ್ಷರ ಹಾಕಿ ಹೊಲಿದ ಕೌದಿಯ ಫೋಟೋ ನೋಡಿದೆವು. ನಿಮ್ಮವ್ವ ಫೋನನ್ನು ಹತ್ತಿರ ಹಿಡಿದಳು, ದೂರ ಹಿಡಿದಳು, ಆಮೇಲೆ "ಹೊಲಿಗಿ ಚಲೋ ಹಾಕ್ಯಾಳ" ಅಂದಳು. ನಾನು ಏನೂ ಅನ್ನಲಿಲ್ಲ. ರಾತ್ರಿ ನೀನು ಫೋನ್ ಮಾಡಿ ಎರಡು ಸಲ "ಹೆಂಗಿದೆ ಅಪ್ಪಾ" ಅಂತ ಕೇಳಿದಾಗಲೂ ಮಳೆ ಸುದ್ದಿ ತೆಗೆದು ಮಾತು ತಪ್ಪಿಸಿದೆ. ಅದಕ್ಕೇ ಈ ಪತ್ರ.

ಅಕ್ಷರ ಚೆನ್ನಾಗಿಲ್ಲ, ಮಗಳೇ.

ಸಿಟ್ಟಾಗಬೇಡ. ಕಂಪ್ಯೂಟರಿನಲ್ಲಿ ಟೈಪ್ ಮಾಡಿ, ಪ್ರಿಂಟ್ ತೆಗೆದು, ಕಾರ್ಬನ್ ಇಟ್ಟು ಬಟ್ಟೆಗೆ ಇಳಿಸಿದ್ದೀಯ ಅಂತ ನೋಡಿದ ಕೂಡಲೇ ಗೊತ್ತಾಯಿತು. ಮೂವತ್ತು ವರ್ಷ ಬೋರ್ಡ್ ಬರೆದವನಿಗೆ ಅಷ್ಟೂ ಗೊತ್ತಾಗದಿದ್ದರೆ ಹೇಗೆ? ಅಚ್ಚಿನ ಅಕ್ಷರ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ನೀನು ಆ ದಪ್ಪದ ಎರಡೂ ಅಂಚಿಗೆ ಹೊಲಿದು ನಡುವೆ ದಾರ ತುಂಬಿದ್ದೀಯ. 'ಳ' ಅಂತೂ ಉಂಡು ಹೊಟ್ಟೆ ಉಬ್ಬಿದವನ ಹಾಗೆ ಕೂತಿದೆ. ಸಾಲದ್ದಕ್ಕೆ ಕೌದಿಯ ಹೊಲಿಗೆ ಸಾಲುಗಳು ಅದೇ ಕೆಂಪು ದಾರದಲ್ಲಿ ಅಕ್ಷರದ ಮೇಲೆಯೇ ಹಾದುಹೋಗಿವೆ. ಓದಲು ಕನ್ನಡಕ ಒರೆಸಿಕೊಳ್ಳಬೇಕಾಯಿತು.

ಚಿಕ್ಕವಳಿದ್ದಾಗ ನಿನಗೆ ಪಾಟಿ ಮೇಲೆ ದೊಡ್ಡದಾಗಿ ಅಕ್ಷರ ಬರೆದು ಕೊಡುತ್ತಿದ್ದೆ. ನೀನು ಅದರ ಮೇಲೆ ಬಳಪ ಆಡಿಸಿ ಆಡಿಸಿ ತಿದ್ದುತ್ತಿದ್ದೆ. 'ಅ' ಒಂದನ್ನೇ ಇಡೀ ಮಧ್ಯಾಹ್ನ. ಆಗ ನಿನ್ನ ಕೈ ಕಲಿತದ್ದು ಅಕ್ಷರದ ಆಕಾರಕ್ಕಿಂತ ಹೆಚ್ಚಾಗಿ ಅದರ ದಾರಿ. ಎಲ್ಲಿ ಶುರು, ಎಲ್ಲಿ ತಿರುವು, ಎಲ್ಲಿ ಕೈ ಎತ್ತಬೇಕು. ದಾರವೂ ಒಂದೇ ಗೆರೆ, ಅಲ್ವಾ? ಅದನ್ನು ಬಳಪ ಹೋದ ದಾರಿಯಲ್ಲೇ ಕರೆದುಕೊಂಡು ಹೋಗು. ತಿದ್ದಿದ ಹಾಗೆ ಹೊಲಿ.

ಹೇಳುವುದಕ್ಕೇನು, ಬಾಯಿಮಾತು. ಅದಕ್ಕೇ ನಾನೂ ನಿಮ್ಮವ್ವನ ಕಸೂತಿ ಡಬ್ಬಿ ತೆಗೆದು ಕೂತೆ. ನಗಬೇಡ. ಮ್ಯಾಟಿ ಬಟ್ಟೆ, ಕೆಂಪು ದಾರ. ಕಸೂತಿಗೆ ಬಟ್ಟೆ ಮೇಲೆ ಗೆರೆ ಎಳೆದುಕೊಳ್ಳುವ ಪದ್ಧತಿ ಇಲ್ಲವಲ್ಲ, ಎಳೆ ಎಣಿಸಬೇಕು. ಪೆನ್ಸಿಲ್ ಕೇಳಿದ್ದಕ್ಕೆ ನಿಮ್ಮವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಗವಂತಿ ಹೊಲಿಗೆ ತೋರಿಸಿದಳು. ಹೋಗುವಾಗ ಸೂಜಿ ಒಂದು ಕಡೆ ಹಾಕಿ, ಒಂದು ಕಡೆ ಬಿಟ್ಟು ಹೋಗುತ್ತದೆ. ಬರುವಾಗ ಬಿಟ್ಟದ್ದನ್ನೆಲ್ಲ ತುಂಬಿಕೊಂಡು ಅದೇ ದಾರಿಯಲ್ಲಿ ವಾಪಸ್ ಬರುತ್ತದೆ. ಗಂಟು ಇಲ್ಲ, ಮುಂದೂ ಹಿಂದೂ ಒಂದೇ ಸಮ. ಮುರ್ಗಿ ಅಂದರೆ ಅದೇ ಕೆಲಸ, ಮೆಟ್ಟಿಲು ಹತ್ತಿದ ಹಾಗೆ ಓರೆಯಾಗಿ ಹೋಗುವುದು. ಉಳಿದ ಹೊಲಿಗೆ, ನೇಗಿ, ಮೆಂತಿ, ಆಮೇಲೆ ನೋಡೋಣ ಅಂದಳು. ನನ್ನ ಮೇಲೆ ಅವಳಿಗೆ ಅಷ್ಟು ಭರವಸೆ.

ಮೂರು ಸಂಜೆ ಕೂತು ಒಂದು 'ಸೀ' ಹಾಕಿದೆ. ಒಂದೇ ಒಂದು 'ಸೀ'! ತಾಳೆಗರಿ ಮೇಲೆ ಕಬ್ಬಿಣದ ಚೂಪು ಲೇಖನಿಯಿಂದ ನೇರ ಗೆರೆ ಎಳೆದರೆ ಗರಿ ಸೀಳಿಬಿಡುತ್ತದೆ, ಅದಕ್ಕೇ ನಮ್ಮ ಅಕ್ಷರ ದುಂಡಗಾದವು ಅಂತ ಹೇಳುತ್ತಾರೆ. ಬಟ್ಟೆಯಲ್ಲಿ ಅದಕ್ಕೆ ಉಲ್ಟಾ. ಉದ್ದದ ಎಳೆ ನೇರ, ಅಡ್ಡದ ಎಳೆ ನೇರ. ದುಂಡಗೆ ಬೇಕು ಅಂದರೆ ಮೆಟ್ಟಿಲು ಮೆಟ್ಟಿಲಾಗಿ ಹೋಗಬೇಕು. ನನ್ನ 'ಸೀ' ಗುಡಿಯ ಗೋಪುರ ಪಕ್ಕಕ್ಕೆ ವಾಲಿದ ಹಾಗಿತ್ತು.

ಆದರೂ ಹೆಮ್ಮೆಯಿಂದ ಬಟ್ಟೆ ತಿರುಗಿಸಿ ನೋಡಿದೆ. ಹಿಂದೆ ಎಲ್ಲ ಸರಿಯಾಗಿ ತುಂಬಿತ್ತು. ಅಕ್ಷರ ಮಾತ್ರ ಕನ್ನಡಿಯಲ್ಲಿ ಕಂಡ ಹಾಗೆ ತಿರುವುಮುರುವು. ಅರೆ, ಇದು ನನಗೆ ಹೊಳೆದೇ ಇರಲಿಲ್ಲ. ಕಸೂತಿಯ ತೇರು, ಗೋಪುರ, ತುಳಸಿಕಟ್ಟೆ ಹಿಂದಿನಿಂದ ನೋಡಿದರೂ ಅವೇ. ಆನೆ ಈ ಕಡೆ ಹೊರಟಿದ್ದದ್ದು ಆ ಕಡೆ ಹೊರಡುತ್ತದೆ, ಅಷ್ಟೇ. ಅಕ್ಷರ ಹಿಂದೆ ತಿರುಗಿದರೆ ಮೂಕ. ನಿಮ್ಮವ್ವನಿಗೆ ತೋರಿಸಿದೆ. "ಅದಕ್ಕ ನಮ್ಮವ್ರು ಆನಿ ಹಾಕ್ತಿದ್ರು" ಅಂತ ಹೇಳಿ ಒಳಗೆ ಹೋದಳು.

ಹಾಗಾಗಿ ಅಕ್ಷರವನ್ನು ಕಸೂತಿಯಲ್ಲಿ ಹಾಕಬೇಡ. ಮೂಲೆಗೆ ಒಂದೊಂದು ಸಣ್ಣ ತೇರು ಹಾಕಿಕೋ, ಸಾಕು. ಅಕ್ಷರಕ್ಕೆ ಹಗ್ಗ ಹೊಸೆದ ಹಾಗೆ ಕಾಣುವ ಸ್ಟೆಮ್ ಸ್ಟಿಚ್ ಸರಿ. ಸೂಜಿ ತಿರುವಿನಲ್ಲಿ ಬಾಗುತ್ತಾ ಹೋಗುತ್ತದೆ. ನೇರ ಇದ್ದಲ್ಲಿ ಹೊಲಿಗೆ ಉದ್ದ ಇರಲಿ, ತಿರುವು ಬಂದಲ್ಲಿ ಅರ್ಧಕ್ಕೆ ಇಳಿಸು. ಬೈಕ್ ಓಡಿಸಿದ ಹಾಗೆಯೇ. ಆಂಕರ್ ದಾರದಲ್ಲಿ ಆರು ಎಳೆ ಇರುತ್ತವೆ, ಅದರಲ್ಲಿ ಮೂರು ತಗೋ. ಕೌದಿಯ ಸಾಲುಗಳನ್ನು ಅಕ್ಷರದ ಹತ್ತಿರ ಬಂದಾಗ ನಿಲ್ಲಿಸಿ, ದಾಟಿಸಿ, ಆ ಕಡೆಯಿಂದ ಮತ್ತೆ ಶುರು ಮಾಡು. ಸುತ್ತ ಹೊಲಿಗೆ ಬಿದ್ದು ಬಟ್ಟೆ ಸುಕ್ಕಾದರೆ ಅಕ್ಷರ ತಾನೇ ಉಬ್ಬಿ ಕಾಣುತ್ತದೆ.

ಒತ್ತಕ್ಷರದ ಬಗ್ಗೆ ಹೇಳಲೇಬೇಕು. ಹೊಸಬರು ಬೋರ್ಡ್ ಬರೆಯುವಾಗ ಎಡವುವುದು ಅಲ್ಲೇ. ಮೇಲಿನ ಸಾಲಿಗೆ ಜಾಗ ಇಟ್ಟು, ಕೆಳಗೆ ಒತ್ತು ಇಳಿಯುತ್ತದೆ ಅನ್ನುವುದನ್ನು ಮರೆಯುತ್ತಾರೆ. ಆಮೇಲೆ ಒತ್ತು ಅಂಚಿನಾಚೆ ಕಾಲು ಚಾಚುತ್ತದೆ. ಮಹಾಪ್ರಾಣದ ಹೊಟ್ಟೆ ಸೀಳುವುದೂ ಹಾಗೇ. ನಾನೇ ಒಂದು ಅಂಗಡಿ ಬೋರ್ಡಿನಲ್ಲಿ 'ಧನ' ಅಂತ ಬರೆಯುವಲ್ಲಿ ಆ ಸಣ್ಣ ಸೀಳು ಹಾಕುವುದನ್ನು ಮರೆತಿದ್ದೆ. ಬೋರ್ಡ್ ಏರಿಸಿ, ಏಣಿ ಇಳಿದು, ಚಹಾ ಕುಡಿಯುತ್ತಾ ನೋಡಿದರೆ 'ದನ'. ಸದ್ಯ, ಮಾಲೀಕರು ಇನ್ನೂ ಬಂದಿರಲಿಲ್ಲ. ಬಣ್ಣಕ್ಕಾದರೆ ಕುಂಚ ಇದೆ. ಹೊಲಿದದ್ದನ್ನು ಬಿಚ್ಚಿದರೆ ತೂತು ಉಳಿಯುತ್ತದೆ.

ನೀನು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿರುವ ಒಂದು ಬಟ್ಟೆಯ ಬಗ್ಗೆ ಹೇಳಿದ್ದೆಯಲ್ಲ, ಎಲಿಜಬೆತ್ ಪಾರ್ಕರ್ ಅನ್ನುವ ಹುಡುಗಿಯದು. 1830ರ ಹೊತ್ತಿನದು. ನನಗೆ ಬರೆಯಲು ಬರುವುದಿಲ್ಲ ಅಂತಲೇ ಶುರು ಮಾಡಿ, ಕೆಲಸಕ್ಕಿದ್ದ ಮನೆಯಲ್ಲಿ ತಾನು ಪಟ್ಟ ಪಾಡನ್ನೆಲ್ಲ ಕೆಂಪು ದಾರದಲ್ಲಿ ಸಾಲು ಸಾಲಾಗಿ ಹೊಲಿದಿದ್ದಾಳೆ. ಕೊನೆಗೆ ಅರ್ಧ ವಾಕ್ಯದಲ್ಲಿ ನಿಲ್ಲಿಸಿದ್ದಾಳೆ. ಅದನ್ನು ಕೇಳಿದ ದಿನ ನನಗೆ ನಿದ್ದೆ ಬರಲಿಲ್ಲ. ಇನ್ನೊಂದು ಕೇಳು. ಕೋಲ್ಕತ್ತಾದ ಗುರುಸದಯ ಮ್ಯೂಸಿಯಂನಲ್ಲಿ ಹತ್ತೊಂಬತ್ತನೇ ಶತಮಾನದ ಒಂದು ಕಾಂಥಾ ಇದೆ, ಅವರ ಕಡೆಯ ಕೌದಿ ಅನ್ನು. ಮಾನದಾಸುಂದರಿ ಅನ್ನುವವಳು ತನ್ನ ಅಪ್ಪನಿಗೆ ಅಂತ ಹೊಲಿದು, ಅದರಲ್ಲೇ ಅಕ್ಷರ ಹಾಕಿದ್ದಾಳೆ. ಅಪ್ಪನಿಗೆ ಅಂತ. ನಾನು ಸುಮ್ನೆ ಹೇಳಿದೆ, ನನಗೇನೂ ಬೇಡ.

ಈಗ ಪದದ ವಿಷಯ. ನೀನು ಪುಸ್ತಕದಿಂದ ಹನ್ನೆರಡು ಸಾಲಿನ ಕವಿತೆ ಎತ್ತಿಕೊಂಡಿದ್ದೀಯ. ಜಾಸ್ತಿ ಆಯಿತು. ನಿನ್ನಜ್ಜಿ, ಆಯಿ, ನೆನಪಿದ್ದಾಳಾ ನಿನಗೆ? ಬೀಸುವ ಕಲ್ಲಿನ ಮುಂದೆ ಕೂತು ಮೂರು ಮೂರು ಸಾಲಿನ ಪದ ಹಾಡುತ್ತಿದ್ದಳು. ಅವಳು ಹಾಡಿದ ಪದ ಒಂದೂ ನನಗೆ ಪೂರ್ತಿ ನೆನಪಿಲ್ಲ, ಧಾಟಿ ಮಾತ್ರ ಕಿವಿಯಲ್ಲಿದೆ. ಆ ಧಾಟಿಗೆ ನಾನೇ ಒಂದು ಕಟ್ಟಿದ್ದೇನೆ. ಕವಿ ಆದೆ ಅಂತ ತಿಳಿಯಬೇಡ. ಮಳೆಗೆ ಹೊರಗೆ ಹೋಗುವ ಹಾಗಿಲ್ಲ, ಅದಕ್ಕೆ.

ಸೀರೆಯಾ ಹರಕಿನಲಿ ದಾರದಾ ಹಾಡಿಟ್ಟು
ದೂರದಾ ಮಗಳ ಹೆಗಲೀಗೆ ಹೊದಿಸೇನ
ಊರಿನಾ ಬಿಸಿಲು ಸುತ್ತಿರಲಿ

ಎಣಿಸಿದ್ದೇನೆ. ಮೊದಲ ಸಾಲಿಗೆ 14 ಅಕ್ಷರ, ಎರಡನೆಯದಕ್ಕೆ 14, ಮೂರನೆಯದಕ್ಕೆ 10. ಒತ್ತು ಎರಡೇ ಎರಡು. ನಿನ್ನ ಮೇಲೆ ಕರುಣೆ ಇಟ್ಟೇ ಕಟ್ಟಿದ್ದು.

ಇದನ್ನು ಎಲ್ಲಿ ಹಾಕುವುದು ಅಂತ ಎರಡು ದಿನ ತಲೆ ಕೆರೆದುಕೊಂಡೆ. ನಡುವೆ ಹಾಕಿದರೆ ಬೋರ್ಡಿನ ಹಾಗೆ ಕಾಣುತ್ತದೆ. ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಂಗಸರು ಕೌದಿ ಹೊಲಿಯುವುದನ್ನು ನಿಮ್ಮವ್ವ ನೋಡಿದ್ದಾಳೆ. ಅವರು ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ಕೊನೆಗೆ ಮೂಲೆಗಳಿಗೆ ಬಟ್ಟೆ ಮಡಚಿ ಮೂರು ಮೂಲೆಯ ಹೂವಿನಂಥದ್ದು ಕೂರಿಸುತ್ತಾರೆ. ಫುಲಾ ಅಂತಾರೆ. ಅದಿಲ್ಲದಿದ್ದರೆ ಕೌದಿ ಬತ್ತಲೆ ಅಂತ ಅವರ ಲೆಕ್ಕ. ಅದನ್ನು ಕೇಳಿ ಪದವನ್ನೂ ಅಂಚಿಗೇ ಹಾಕೋಣ ಅನ್ನಿಸಿತು. ಕೌದಿಯನ್ನು ಹಾಸಿದಾಗ ನಾಲ್ಕೂ ಕಡೆ ಜನ ಕೂರುತ್ತಾರೆ, ಯಾರ ಮುಂದೆ ಯಾವ ಸಾಲು ಬಂತೋ ಅವರು ಅದನ್ನು ಓದಿಕೊಳ್ಳಲಿ.

ಆದರೆ ಪದಕ್ಕೆ ಮೂರು ಸಾಲು, ಬಟ್ಟೆಗೆ ನಾಲ್ಕು ಅಂಚು. ಇಲ್ಲೇ ಸಿಕ್ಕಿಬಿದ್ದೆ.

ಬಿಡಿಸಿದ್ದು ನಿಮ್ಮವ್ವನೇ. ರೊಟ್ಟಿ ಬಡಿಯುತ್ತಾ ನನ್ನ ಪದವನ್ನು ಆಯಿಯ ಧಾಟಿಯಲ್ಲಿ ಗುನುಗುತ್ತಿದ್ದಳು. ಒಂದನೇ ಸಾಲು. ಎರಡನೇ ಸಾಲು. ಮತ್ತೆ ಎರಡನೇ ಸಾಲು. ಆಮೇಲೆ ಮೂರನೆಯದು. ಹಾಡುವಾಗ ಎರಡನೇ ಸಾಲನ್ನು ತಿರುಗಿ ಹೇಳುತ್ತಾರಲ್ಲ! ಬಾದಾಮಿಗೆ ಹೋದಾಗ ಕೆರೆಯ ಮೇಲಿನ ಬಂಡೆಯಲ್ಲಿ ಕಪ್ಪೆ ಅರಭಟ್ಟನ ಶಾಸನ ತೋರಿಸಿದ್ದೆ ನಿನಗೆ, ನೀನು ಕೋತಿ ನೋಡುತ್ತಿದ್ದೆ. 700ರ ಹೊತ್ತಿನದು ಅದು, ಅದರಲ್ಲೂ ತ್ರಿಪದಿ ಇದೆ. ತ್ರಿಪದಿಗೆ ಬರೆಯುವಾಗ ಮೂರೇ ಸಾಲು. ನಾಲ್ಕಾಗುವುದು ಬಾಯಿಗೆ ಬಂದಾಗ. ಬೋರ್ಡ್ ಬರೆದು ಬರೆದು ನಾನು ಬರೀ ಕಣ್ಣಿಂದ ಎಣಿಸುತ್ತಿದ್ದೆ.

ಹಾಗಾಗಿ ಲೆಕ್ಕ ಕೂಡಿತು. ಅಂಚು 36 ಇಂಚು. 14 ಅಕ್ಷರಕ್ಕೆ ಭಾಗ ಮಾಡಿದರೆ ಒಂದೊಂದಕ್ಕೆ ಸುಮಾರು ಎರಡೂವರೆ ಇಂಚು ಬರುತ್ತದೆ. ಹಾಗೆ ಸ್ಕೇಲ್ ಇಟ್ಟು ಸಮ ಮಾಡಬೇಡ. 'ರ' ಇಕ್ಕಟ್ಟಿನಲ್ಲೂ ಕೂರುತ್ತದೆ, 'ಯಾ' ಕೈಕಾಲು ಚಾಚಿ ಮಲಗುತ್ತದೆ. ಮೊದಲು ಚಾಕಿನಿಂದ ಬರೆದು, ಎದ್ದು ನಿಂತು, ಕಣ್ಣು ಅರ್ಧ ಮುಚ್ಚಿ ನೋಡು. ಎಲ್ಲಿ ಕಿಂಡಿ ಬಿಟ್ಟ ಹಾಗೆ ಕಾಣುತ್ತದೋ ಅಲ್ಲಿ ಸರಿಸು. ಹತ್ತು ಅಕ್ಷರದ ಸಾಲಿನಲ್ಲಿ ಜಾಗ ಉಳಿಯುತ್ತದೆ, ಉಳಿಯಲಿ. ಹೂ ಬಳ್ಳಿ ತುಂಬಬೇಡ.

ಹಿಂಭಾಗದ ಬಗ್ಗೆ ನಮ್ಮಿಬ್ಬರಲ್ಲಿ ಇನ್ನೂ ಜಗಳ ಇದೆ. ಹಿಂದೆ ಒಂದು ಪದರ ಕೊಟ್ಟು ತಿರುಗಿದ ಅಕ್ಷರ ಮುಚ್ಚಿಬಿಡು ಅಂತ ನಾನು. ಹಿಂದು ಕಂಡರೇನೇ ಕೈಕೆಲಸ ಗೊತ್ತಾಗುವುದು, ಮುಚ್ಚಬಾರದು ಅಂತ ಅವಳು. ನಿನಗೆ ಬಿಟ್ಟದ್ದು.

ಪಾರ್ಸೆಲ್ಲಿನಲ್ಲಿ ಆಯಿಯ ಹಳೆ ಇಳಕಲ್ ಸೀರೆಯ ತುಂಡು ಇದೆ. ಒಡಲು ಹರಿದಿದೆ, ಟೋಪ್ ತೆನಿ ನಮೂನೆಯ ಸೆರಗು ಇನ್ನೂ ಗಟ್ಟಿ. ಸೆರಗಿಗೆ ಕತ್ತರಿ ಹಾಕಬೇಡ. ಜೊತೆಗೆ ಮೂರು ಉದ್ದನೆ ಕಾಗದದ ಪಟ್ಟಿ ಸುತ್ತಿ ಇಟ್ಟಿದ್ದೇನೆ. ಫ್ಲೆಕ್ಸ್ ಬಂದ ಮೇಲೆ ಇಷ್ಟು ದೊಡ್ಡದಾಗಿ ಅಕ್ಷರ ಬರೆದೇ ಇರಲಿಲ್ಲ. ಮೊದಲೆರಡು ಹಾಳಾದವು, ಆಮೇಲೆ ಕೈ ಕುದುರಿತು. ಪೆನ್ಸಿಲ್ಲಿನ ಒಂದೇ ಗೆರೆಯಲ್ಲಿ ಬರೆದಿದ್ದೇನೆ. ಎಲ್ಲಿ ಶುರು ಅಂತ ಚುಕ್ಕೆ ಇದೆ, ಯಾವ ಕಡೆ ಹೋಗಬೇಕು ಅಂತ ಬಾಣ ಇದೆ.

ನಾಲ್ಕು ಅಂಚಿಗೆ ಮೂರೇ ಪಟ್ಟಿ ಯಾಕೆ ಅಂತ ಫೋನ್ ಮಾಡಿ ಕೇಳಬೇಡ. 'ದೂರದಾ ಮಗಳ' ಅನ್ನುವ ಸಾಲು ನನ್ನ ಕೈಯಲ್ಲಿ ಒಂದು ಸಲ ಇದೆ. ಎರಡನೇ ಸಲದ್ದು ನಿನ್ನ ಕೈಬರಹದಲ್ಲಿ ಬರಲಿ. ಕಂಪ್ಯೂಟರ್ ಮುಟ್ಟಬೇಡ.

ನಿನ್ನ ಅಪ್ಪ

ತಾ.ಕ.: ನಿಮ್ಮವ್ವ ಬರೆಸುತ್ತಿದ್ದಾಳೆ. ಇಳಕಲ್ಲಿನ ಕೆಂಪು ಬಣ್ಣ ಬಿಡುತ್ತದಂತೆ. ಹೊಲಿಯುವ ಮೊದಲು ಒದ್ದೆ ಬಿಳಿ ಅರಿವೆಯಿಂದ ಒತ್ತಿ ನೋಡಬೇಕಂತೆ. ದಾರಕ್ಕೆ ಗಂಟು ಹಾಕಬಾರದಂತೆ, ತುದಿಯನ್ನು ಹೊಲಿಗೆಯೊಳಗೇ ತೂರಿಸಬೇಕಂತೆ. ನನ್ನ 'ಸೀ' ಅನ್ನೂ ಪಾರ್ಸೆಲ್ಲಿಗೆ ಹಾಕಿದ್ದಾಳೆ, ನೀನು ನಗಲಿ ಅಂತ.