ಪುಣೆಯ ಮಹಾಪೌರರಿಗೆ ಬಹಿರಂಗ ಪತ್ರ: ಸಂಜೆ ಎರಡು ಗಂಟೆ ಮೈದಾನ ಬಿಟ್ಟುಕೊಡಿ

ಮಾನ್ಯ ಮಹಾಪೌರರಿಗೆ ನಮಸ್ಕಾರ.

ನಾನು ಬಿಜಾಪುರ ಜಿಲ್ಲೆಯವನು. ಪುಣೆಗೆ ಬಂದು ಇಲ್ಲೇ ನೆಲೆ ನಿಂತು ಬಹಳ ವರ್ಷಗಳಾದವು. ಮಕ್ಕಳು ಇಲ್ಲೇ ಹುಟ್ಟಿ ಬೆಳೆದರು. ಮನೆ ತೆರಿಗೆ ಇಲ್ಲೇ ಕಟ್ಟುತ್ತೇನೆ. 2026ರ ಜನವರಿಯಲ್ಲಿ ಪಾಲಿಕೆ ಚುನಾವಣೆಗೆ ಓಟೂ ಇಲ್ಲೇ ಹಾಕಿದೆ. ಈ ಊರಿನ ಕನ್ನಡಿಗರು ಮೊದಲು ಓದಲಿ, ಒಪ್ಪಿದವರು ಸಹಿ ಹಾಕಲಿ ಅಂತ ಪತ್ರವನ್ನು ಕನ್ನಡದಲ್ಲಿ ಬರೆದಿದ್ದೇನೆ. ಸಹಿಗಳ ಜೊತೆ ಮರಾಠಿ ಪ್ರತಿಯನ್ನು ನಿಮ್ಮ ಕಚೇರಿಗೆ ನಾನೇ ತಂದು ಕೊಡುತ್ತೇನೆ.

ಕೇಳುವುದು ಒಂದೇ. ಪಾಲಿಕೆಯ ಮೈದಾನಗಳಲ್ಲಿ, ಪಾಲಿಕೆ ಶಾಲೆಗಳ ಅಂಗಳಗಳಲ್ಲಿ ದಿನಾ ಸಂಜೆ ಎರಡು ಗಂಟೆಯನ್ನು ಕ್ರಿಕೆಟ್ ಬಿಟ್ಟು ಬೇರೆ ಆಟಗಳಿಗೆ ಮೀಸಲಿಡಿ. ಯಾವ ದಿನ ಯಾವ ಆಟ ಅಂತ ಗೇಟಿನ ಮೇಲೆ ದೊಡ್ಡದಾಗಿ ಬರೆಸಿ ಹಾಕಿ.

ಕ್ರಿಕೆಟ್ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಒಂದೇ ಮೈದಾನದಲ್ಲಿ ನಾಲ್ಕು ಕಡೆ ಸ್ಟಂಪ್ ನೆಟ್ಟರೆ ಐದನೆಯವರಿಗೆ ಜಾಗ ಎಲ್ಲಿ? ಮೊದಲು ಬಂದವರದ್ದೇ ಮೈದಾನ ಅನ್ನುವ ಪದ್ಧತಿಯಲ್ಲಿ ಫುಟ್‌ಬಾಲ್, ರಗ್ಬಿ, ಖೋ ಖೋ ಆಡುವ ಮಕ್ಕಳು ಯಾವತ್ತೂ ಕೊನೆಗೇ ಉಳಿಯುತ್ತಾರೆ. ಹೆಣ್ಣುಮಕ್ಕಳಂತೂ ಇನ್ನೂ ಕೊನೆಗೆ.

ನನ್ನ ಮಗಳು ರಗ್ಬಿ ಆಡುತ್ತಾಳೆ, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಅವಳ ತಂಡ ಅಭ್ಯಾಸ ಮಾಡುವ ಮೈದಾನದ ಹೆಸರು ಬೇಡ, ಇಂಥವು ಊರಲ್ಲಿ ಎಷ್ಟೋ ಇವೆ. ಅಲ್ಲಿ ಮದುವೆಗೆ, ಪ್ರದರ್ಶನಕ್ಕೆ, ಸಭೆಗೆ ಅಂತ ಮಂಡಪ ಹಾಕುತ್ತಾರೆ. ಬಿಚ್ಚುವಾಗ ಬಟ್ಟೆ, ಬಿದಿರು ಎಲ್ಲ ಎಣಿಸಿ ಒಯ್ಯುತ್ತಾರೆ, ಮೊಳೆ ಮಾತ್ರ ಮಣ್ಣಲ್ಲೇ ಬಿಟ್ಟು ಹೋಗುತ್ತಾರೆ. ಹುಡುಗಿಯರು ಬಂದ ಕೂಡಲೇ ಆಟ ಶುರು ಮಾಡುವ ಹಾಗಿಲ್ಲ. ಒಂದು ಕೈ ಅಂತರ ಬಿಟ್ಟು ಸಾಲಾಗಿ ನಿಲ್ಲುತ್ತಾರೆ. ತಲೆ ಬಗ್ಗಿಸಿ ಈ ತುದಿಯಿಂದ ಆ ತುದಿಗೆ ನಿಧಾನ ನಡೆಯುತ್ತಾರೆ. ಒಬ್ಬಳ ಕೈಯಲ್ಲಿ ಖಾಲಿ ಬಿಸ್ಕೆಟ್ ಡಬ್ಬಿ. ಮೊಳೆ, ತಂತಿ, ಗಾಜಿನ ಚೂರು ಎಲ್ಲ ಅದರೊಳಗೆ. ಕಂಬ ನೆಟ್ಟಿದ್ದ ಗುಂಡಿಗಳಿಗೆ ಕಾಲಲ್ಲೇ ಮಣ್ಣು ತಳ್ಳಿ ತುಳಿದು ಗಟ್ಟಿ ಮಾಡುತ್ತಾರೆ. ಆಮೇಲೆ ಸುಣ್ಣದ ಪುಡಿ ಹಾಕಿ ಗೆರೆ ಎಳೆಯುತ್ತಾರೆ. ಇಷ್ಟಾಗುವಷ್ಟರಲ್ಲಿ ಬೆಳಕು ಅರ್ಧ ಹೋಗಿರುತ್ತದೆ.

ಟ್ಯಾಕಲ್ ನೋಡಿದ್ದೀರಾ? ಓಡಿ ಬರುವ ಎದುರಾಳಿಯ ಸೊಂಟದ ಕೆಳಗೆ ತೋಳು ಹಾಕಿ, ತಬ್ಬಿ, ಅವಳ ಜೊತೆ ತಾನೂ ನೆಲಕ್ಕೆ ಬೀಳಬೇಕು. ಕೆನ್ನೆ, ಮೊಣಕೈ, ಮೊಣಕಾಲು ಎಲ್ಲ ಆ ಮಣ್ಣಿಗೇ ಉಜ್ಜುತ್ತವೆ. ಒಂದು ಮೊಳೆ ಕಣ್ಣಿಗೆ ಬೀಳದೆ ಉಳಿದರೆ ಏನಾಗುತ್ತದೆ ಅಂತ ತಂದೆಯಾಗಿ ನನಗೆ ಯೋಚಿಸಲೂ ಭಯ. ಮಂಡಪಕ್ಕೆ ಬಾಡಿಗೆ ಪಡೆಯುವಾಗ ಠೇವಣಿ ಇಡಿಸಿಕೊಳ್ಳಿ. ಮೈದಾನ ಮೊದಲಿದ್ದಂತೆ ಮಾಡಿಕೊಟ್ಟ ಮೇಲೆ, ಯಾರಾದರೂ ನಡೆದು ನೋಡಿದ ಮೇಲೆ ಅದನ್ನು ವಾಪಸ್ ಕೊಡಿ. ಪಾಲಿಕೆಗೆ ಇದರಿಂದ ಪೈಸೆ ಖರ್ಚಿಲ್ಲ.

ರಗ್ಬಿ ನಮ್ಮದಲ್ಲದ ಆಟ ಅನ್ನುವವರಿದ್ದಾರೆ. ಬ್ರಿಟಿಷರ ಸೈನ್ಯದ ಜೊತೆ, ಜಿಮ್ಖಾನಾ ಅನ್ನುವ ಕ್ರೀಡಾ ಕ್ಲಬ್‌ಗಳ ಜೊತೆ ಬಂದ ಆಟ ಹೌದು. ಆದರೆ ಈಗ ಆಡುತ್ತಿರುವವರು ಯಾರು ನೋಡಿ. ಭಾರತದ ಹೆಣ್ಣುಮಕ್ಕಳು ಹದಿನೈದು ಜನರ ರಗ್ಬಿಯಲ್ಲಿ ಮೊದಲ ಅಂತರರಾಷ್ಟ್ರೀಯ ಪಂದ್ಯ ಆಡಿದ್ದು 2018ರಲ್ಲಿ. ಮರುವರ್ಷವೇ ಸಿಂಗಪುರವನ್ನು 21-19ರಿಂದ ಸೋಲಿಸಿದರು. ಭಾರತ ತಂಡವನ್ನು ಮುನ್ನಡೆಸಿದ ವಾಹ್ಬಿಜ್ ಭರೂಚಾ ನಮ್ಮ ಪುಣೆಯವರು. ಏಳು ಜನರ ರಗ್ಬಿ 2016ರಿಂದ ಒಲಿಂಪಿಕ್ಸ್‌ನಲ್ಲೂ ಇದೆ. ಒಂದೊಂದು ಅರ್ಧಕ್ಕೆ ಏಳೇ ನಿಮಿಷ. ಸಲಕರಣೆ ಅಂದರೆ ಒಂದು ಚೆಂಡು, ಒಂದು ಜೊತೆ ಬೂಟು, ಹಲ್ಲಿಗೆ ಒಂದು ರಕ್ಷಣೆ. ಸಾಮಾನ್ಯ ಮನೆಯ ಮಕ್ಕಳಿಗೂ ಎಟಕುವ ಆಟ ಇದು. ಎಟಕದಿರುವುದು ಸಾಪಾದ ನೆಲ ಮಾತ್ರ.

ಫುಟ್‌ಬಾಲ್ ವಿಷಯ ಬಂದರೆ ನನಗೆ ಮಾತು ಜಾಸ್ತಿ, ಸ್ವಲ್ಪ ಸಹಿಸಿಕೊಳ್ಳಿ. ಈ ಊರು ದೊಡ್ಡ ಕ್ಲಬ್‌ಗಳನ್ನು ಕಂಡಿದೆ. ಪುಣೆ ಎಫ್‌ಸಿ 2012-13ರಲ್ಲಿ, ಆಗ ದೇಶದ ಮೊದಲ ದರ್ಜೆಯ ಫುಟ್‌ಬಾಲ್ ಲೀಗ್ ಆಗಿದ್ದ ಐ-ಲೀಗ್‌ನಲ್ಲಿ ಎರಡನೇ ಸ್ಥಾನಕ್ಕೆ ಬಂದಿತ್ತು. ಆಮೇಲೆ ಇಂಡಿಯನ್ ಸೂಪರ್ ಲೀಗ್‌ನ (ಐಎಸ್‌ಎಲ್) ಎಫ್‌ಸಿ ಪುಣೆ ಸಿಟಿ ಬಂತು. 2018ರ ಮಾರ್ಚ್‌ನಲ್ಲಿ ಸೆಮಿಫೈನಲ್, ಎದುರಾಳಿ ಬೆಂಗಳೂರು ಎಫ್‌ಸಿ. ಊರು ಬಿಟ್ಟು ಬಂದ ಕನ್ನಡಿಗನಿಗೆ ಇದಕ್ಕಿಂತ ದೊಡ್ಡ ಧರ್ಮಸಂಕಟ ಇನ್ನೊಂದಿಲ್ಲ. ಎರಡು ಪಂದ್ಯಗಳಲ್ಲಿ ಮೊದಲನೆಯದು ಪುಣೆಯ ಬಾಲೇವಾಡಿ ಸ್ಟೇಡಿಯಂನಲ್ಲಿ ಗೋಲಿಲ್ಲದೆ ಮುಗಿಯಿತು. ಬೆಂಗಳೂರಿನಲ್ಲಿ ಸುನಿಲ್ ಛೇತ್ರಿ ಮೂರು ಗೋಲು ಹೊಡೆದರು, ನಮ್ಮ ಪುಣೆ 3-1ರಲ್ಲಿ ಸೋತಿತು. ಹೌದು, ಅವತ್ತು ನಾನು ಪುಣೆ ಕಡೆಗೇ ಇದ್ದೆ. ಮುಂದಿನ ವರ್ಷ ಕ್ಲಬ್ಬೇ ಮುಚ್ಚಿತು, ಲೀಗ್‌ನಲ್ಲಿದ್ದ ಜಾಗ ಹೈದರಾಬಾದಿಗೆ ಹೋಯಿತು. ಪುಣೆ ಎಫ್‌ಸಿ ಅದಕ್ಕೂ ಮುಂಚೆಯೇ ಮುಗಿದಿತ್ತು.

ಕ್ಲಬ್ ಬರುತ್ತವೆ, ಹೋಗುತ್ತವೆ. 1891ರಲ್ಲಿ ಮುಂಬೈಯಲ್ಲಿ ಶುರುವಾದ ರೋವರ್ಸ್ ಕಪ್‌ನಂಥ ದೊಡ್ಡ ಟೂರ್ನಿಯೇ ನಿಂತುಹೋಯಿತಲ್ಲ. 1937ರಲ್ಲಿ ಆ ಕಪ್ಪನ್ನು ಗೆದ್ದದ್ದು ನಮ್ಮ ಬೆಂಗಳೂರು ಮುಸ್ಲಿಮ್ಸ್ ತಂಡ, ಬ್ರಿಟಿಷ್ ಪಲ್ಟನ್‌ಗಳು ಆಳುತ್ತಿದ್ದ ಟೂರ್ನಿಯಲ್ಲಿ. ಆ ಹೆಮ್ಮೆ ಈಗ ಹಳೇ ಪತ್ರಿಕೆಗಳಲ್ಲಿ ಮಾತ್ರ ಇದೆ. ಅದೇ ಕೊಲ್ಹಾಪುರ ನೋಡಿ. ಅಲ್ಲಿ ಆಟ ಪೇಟೆಗಳ, ಅಂದರೆ ಹಳೇ ಓಣಿಗಳ ತಾಲೀಮುಗಳಲ್ಲಿದೆ, ಗರಡಿಮನೆ ಸಂಘಗಳಲ್ಲಿ. ಪಾಟಾಕಡೀಲ್ ತಾಲೀಮಿನ ಪಂದ್ಯ ಅಂದರೆ ಶಾಹೂ ಸ್ಟೇಡಿಯಂ ತುಂಬುತ್ತದೆ. ಯಾವ ಮಾಲೀಕ ಬಂದ, ಯಾವ ಮಾಲೀಕ ಹೋದ ಅನ್ನುವುದು ಅಲ್ಲಿಯವರಿಗೆ ಲೆಕ್ಕಕ್ಕಿಲ್ಲ. 2017ರಲ್ಲಿ ನಮ್ಮ ದೇಶದಲ್ಲೇ ನಡೆದ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಆಡಿದ ಅನಿಕೇತ್ ಜಾಧವ್ ಅದೇ ಊರಿನ ಹುಡುಗ. ಕ್ಲಬ್ ಹೊರಗಿಂದ ಬರಬಹುದು, ಆಟಗಾರ ಪೇಟೆಯಿಂದಲೇ ಬರಬೇಕು ಅಂತ ನಾನು ನಂಬಿದ್ದೇನೆ. ಪುಣೆಯ ಪೇಟೆಗಳಲ್ಲಿ ಹುಡುಗರಿಗೇನು ಕೊರತೆ?

ಇನ್ನು ಖೋ ಖೋ. ಇದಕ್ಕೆ ನಿಯಮ ಬರೆದು ರೂಪ ಕೊಟ್ಟಿದ್ದರಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾದ ಪಾಲು ದೊಡ್ಡದು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಖೋ ಖೋ ವಿಶ್ವಕಪ್‌ನಲ್ಲಿ ಭಾರತದ ಎರಡೂ ತಂಡ ನೇಪಾಳವನ್ನು ಸೋಲಿಸಿ ಗೆದ್ದವು. ಎರಡೂ ತಂಡದ ನಾಯಕತ್ವ ಮಹಾರಾಷ್ಟ್ರದವರದ್ದು: ಪ್ರತೀಕ್ ವಾಯ್ಕರ್, ಪ್ರಿಯಾಂಕಾ ಇಂಗಳೆ. ಆ ತಂಡಗಳಲ್ಲಿ ನಮ್ಮ ಕರ್ನಾಟಕದ ಗೌತಮ್ ಮತ್ತು ಚೈತ್ರಾ ಕೂಡ ಇದ್ದರು. ಗೆದ್ದು ಬಂದ ಮೇಲೆ ಕರ್ನಾಟಕ ಸರ್ಕಾರ ಘೋಷಿಸಿದ 5 ಲಕ್ಷ ರೂಪಾಯಿಯನ್ನು ಇಬ್ಬರೂ ಬೇಡ ಅಂದರು. ಮಹಾರಾಷ್ಟ್ರ ತನ್ನ ಆಟಗಾರರಿಗೆ ಕೊಟ್ಟ ಬಹುಮಾನ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಗೆದ್ದವರಿಗೆ ಕೈಬಿಚ್ಚಿ ಕೊಡುವ ಸರ್ಕಾರ ನಿಮ್ಮದು, ಕನ್ನಡಿಗನಾಗಿ ಇದನ್ನು ಮನಸಾರೆ ಒಪ್ಪಿಕೊಳ್ಳುತ್ತೇನೆ. ಗೆಲ್ಲುವ ಮುಂಚಿನ ಹತ್ತು ವರ್ಷಕ್ಕೂ ಅದೇ ಕೈ ಚಾಚಿ ಅಂತ ಕೇಳುತ್ತಿದ್ದೇನೆ. ಖೋ ಖೋಗೆ ಬೇಕಿರುವುದು ಎರಡು ಕಂಬ, ನೀರು ಚಿಮುಕಿಸಿದ ಮೆತ್ತನೆ ಮಣ್ಣು. ಶಾಲೆ ಬಿಟ್ಟ ಮೇಲೆ ಗೇಟಿಗೆ ಬೀಗ ಹಾಕದಿದ್ದರೆ ಸಾಕು.

ರೋಲ್ ಬಾಲ್ ಅಂತ ಒಂದು ಆಟವಿದೆ. ಕಾಲಿಗೆ ಸ್ಕೇಟ್ಸ್ ಕಟ್ಟಿಕೊಂಡು ಕೈಯಲ್ಲಿ ಚೆಂಡು ಪುಟಿಸುತ್ತಾ ಹೋಗಿ ಗೋಲಿಗೆ ಎಸೆಯುವುದು. ಇದನ್ನು ಕಂಡುಹಿಡಿದವರು ಪುಣೆಯ ರಾಜು ದಾಭಾಡೆ. 2011ರಲ್ಲಿ ಮೊದಲ ವಿಶ್ವಕಪ್ ಕೂಡ ಇಲ್ಲೇ ನಡೆಯಿತು. ನಮ್ಮ ಸೊಸೈಟಿಯಲ್ಲಿ ಕೇಳಿದೆ, ಹೆಚ್ಚಿನವರಿಗೆ ಹೆಸರೂ ಗೊತ್ತಿಲ್ಲ. ಬೇಸರವಾಯಿತು.

ಸೈಕಲ್ ವಿಷಯಕ್ಕೆ ಬರುತ್ತೇನೆ. ಬಿಜಾಪುರ, ಬಾಗಲಕೋಟೆ ಕಡೆಯವನಿಗೆ ಸೈಕಲ್ ಅಂದರೆ ರಕ್ತದಲ್ಲೇ ಬಂದದ್ದು. ನಮ್ಮ ಕಡೆ ಹಳ್ಳಿ ಹುಡುಗ ಹುಡುಗಿಯರು ಎದುರುಗಾಳಿಯಲ್ಲಿ, ಉರಿಬಿಸಿಲಲ್ಲಿ ತುಳಿದು ರಾಷ್ಟ್ರಮಟ್ಟದ ಪದಕ ತರುತ್ತಾರೆ. ಪುಣೆಗೆ ಬಂದಾಗ ಇದು ಸೈಕಲ್‌ಗಳ ಊರು ಅಂತ ಹಿರಿಯರು ಹೇಳಿದ್ದು ಕೇಳಿ ಖುಷಿಪಟ್ಟಿದ್ದೆ. ಮುಂಬೈ-ಪುಣೆ ಸೈಕಲ್ ರೇಸ್‌ನಲ್ಲಿ ಬೋರ್ ಘಾಟ್ ಎಲ್ಲರಿಗಿಂತ ಮೊದಲು ಹತ್ತಿ ‘ಘಾಟಾಚಾ ರಾಜಾ’, ಅಂದರೆ ಘಾಟಿಯ ರಾಜ, ಅನ್ನಿಸಿಕೊಳ್ಳುವುದು ಸಣ್ಣ ಮಾತಲ್ಲ.

2026ರ ಜನವರಿಯಲ್ಲಿ 19ರಿಂದ 23ರವರೆಗೆ ಪುಣೆ ಗ್ರ್ಯಾಂಡ್ ಟೂರ್ ಸೈಕಲ್ ರೇಸ್ ನಡೆಯಿತು. 437 ಕಿಲೋಮೀಟರ್, ಹೊರದೇಶದ ತಂಡಗಳು, ದಾರಿಯುದ್ದಕ್ಕೂ ಜನ. ನಾನೂ ರಸ್ತೆ ಬದಿ ನಿಂತು ಚಪ್ಪಾಳೆ ಹೊಡೆದೆ. ಗುಂಪು ಹಾದುಹೋಗುವಾಗ ಚಕ್ರಗಳ ಆ ‘ಗುಂಯ್’ ಸದ್ದು, ಮುಖಕ್ಕೆ ಬಡಿಯುವ ಗಾಳಿ, ಎರಡು ಕ್ಷಣದಲ್ಲಿ ಎಲ್ಲ ಮುಗಿದು ಖಾಲಿ ರಸ್ತೆ. ಮೈ ಜುಮ್ಮೆಂದಿತು. ಇಂಥ ರೇಸ್ ಪ್ರತಿವರ್ಷ ಬರಲಿ ಅಂತ ಮನಸಾರೆ ಬಯಸುತ್ತೇನೆ. ಅದಕ್ಕಾಗಿ ರಸ್ತೆಗಳಿಗೆ ಹೊಸ ಡಾಂಬರು ಬಿತ್ತು, ಗುಂಡಿ ಮುಚ್ಚಿದವು. ಮನಸ್ಸು ಮಾಡಿದರೆ ಆಗುತ್ತದೆ ಅಂತ ಗೊತ್ತಾಯಿತು, ಅಲ್ವಾ?

ಹಾಗಾದರೆ ನಮ್ಮ ಸೈಕಲ್ ಟ್ರ್ಯಾಕ್‌ಗಳನ್ನೂ ಒಮ್ಮೆ ನೋಡಿ. ನಾನು ಕೆಲಸಕ್ಕೆ ಹೋಗುವ ದಾರಿಯಲ್ಲಿ ಒಂದಿದೆ. ಬಸ್ ಸ್ಟಾಪಿನ ಹಿಂದೆ ಶುರುವಾಗುತ್ತದೆ. ಸ್ವಲ್ಪ ಮುಂದೆ ವಿದ್ಯುತ್ ಪೆಟ್ಟಿಗೆ, ಅದರ ಪಕ್ಕ ನಿಲ್ಲಿಸಿದ ಸ್ಕೂಟರ್‌ಗಳ ಸಾಲು. ಮುಂದೆ ಟೈಲ್ಸ್ ಎದ್ದಿವೆ, ಅದರ ಮೇಲೆ ಯಾರೋ ಮನೆ ಕಟ್ಟುವವರ ಮರಳು. ಕೊನೆಗೆ ಟ್ರ್ಯಾಕ್ ಒಂದು ಗೋಡೆಗೆ ಹೋಗಿ ನಿಲ್ಲುತ್ತದೆ. ಇಳಿಯಲು ಇಳಿಜಾರೂ ಇಲ್ಲ, ಸೈಕಲ್ ಎತ್ತಿ ರಸ್ತೆಗೆ ಇಳಿಸಬೇಕು, ಹಿಂದಿನಿಂದ ಬಸ್ ಬರುತ್ತಿರುತ್ತದೆ. 2017ರಲ್ಲಿ ಪಾಲಿಕೆ ಇಡೀ ಊರಿಗೆ ಸೈಕಲ್ ಯೋಜನೆ ಮಾಡಿತ್ತು. ಬಾಡಿಗೆ ಸೈಕಲ್‌ಗಳೂ ಬಂದಿದ್ದವು, ಸ್ವಲ್ಪ ದಿನದಲ್ಲೇ ಮಾಯವಾದವು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಅಂತ ನಮ್ಮಲ್ಲೊಂದು ಗಾದೆ ಇದೆ. ಅಂತರರಾಷ್ಟ್ರೀಯ ರೇಸ್ ಆದ ಊರಲ್ಲಿ ಶಾಲೆಗೆ ಸೈಕಲ್ ತುಳಿಯಲು ಮಕ್ಕಳಿಗೆ ಜಾಗವಿಲ್ಲ ಅಂದಾಗ ಆ ಗಾದೆ ನೆನಪಾಗದೆ ಇರುವುದಿಲ್ಲ. ಹೊಸ ಟ್ರ್ಯಾಕ್ ಈಗ ಬೇಡ. ಇರುವುದರಲ್ಲಿ ಒಂದು ಆರಿಸಿ, ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ಎಲ್ಲೂ ಇಳಿಯದೆ ಹೋಗುವಂತೆ ಮಾಡಿಸಿ. ಸುಮ್ನೆ ಅರ್ಧರ್ಧ ಹತ್ತು ಇರುವುದಕ್ಕಿಂತ ಪೂರ್ತಿ ಒಂದು ಇರಲಿ.

ಮತ್ತೆ ಮೈದಾನದ ಮಾತು. ದುಡ್ಡಿಲ್ಲ ಅನ್ನಬಹುದು. ನಾನು ಸ್ಟೇಡಿಯಂ ಕೇಳುತ್ತಿಲ್ಲ. ಬಾಲೇವಾಡಿಯ ದೊಡ್ಡ ಸಂಕೀರ್ಣ 1994ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಕಟ್ಟಿದ್ದು, ಒಳ್ಳೆಯದೇ. ಆದರೆ ಊರಿನ ಬೇರೆ ತುದಿಗಳಲ್ಲಿರುವ ಹಡಪ್ಸರದಿಂದ, ಧನಕವಡಿಯಿಂದ ಹತ್ತು ವರ್ಷದ ಮಗು ದಿನಾ ಅಲ್ಲಿಗೆ ಹೋಗಿ ಬರುವುದು ಆಗದ ಮಾತು. ಮಗುವಿಗೆ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ ಸಾಪಾದ ನೆಲ ಬೇಕು, ಕತ್ತಲಾದ ಮೇಲೆ ಎರಡು ದೀಪ, ಕುಡಿಯುವ ನೀರು, ಹೆಣ್ಣುಮಕ್ಕಳಿಗೆ ಬಾಗಿಲಿಗೆ ಚಿಲಕವಿರುವ ಶೌಚಾಲಯ. ಚಿಲಕದ ಮಾತು ಸಣ್ಣದು ಅನ್ನಿಸಬಹುದು. ಆದರೆ ಅದಿಲ್ಲ ಅನ್ನುವ ಕಾರಣಕ್ಕೆ ಆಟ ಬಿಟ್ಟ ಹುಡುಗಿಯರನ್ನು ನಾನು ಬಲ್ಲೆ.

ಕಾವಲಿಗೆ ಜನ ಎಲ್ಲಿಂದ ಅಂದರೆ, ನಾವಿದ್ದೇವೆ. ನಮ್ಮ ಭಾಗದಲ್ಲಿ ಕನ್ನಡದವರು, ಮರಾಠಿಯವರು, ಕೇರಳದವರು, ಈಶಾನ್ಯದ ಹುಡುಗರು ಸೇರಿ ಮಕ್ಕಳಿಗೆ ಆಟ ಹೇಳಿಕೊಡುತ್ತೇವೆ. ಗೇಟು ತೆಗೆಯುವುದು, ಗೆರೆ ಹಾಕುವುದು, ಮುಗಿದ ಮೇಲೆ ಬೀಗ ಹಾಕಿ ಕೀಲಿ ಒಪ್ಪಿಸುವುದು ನಮ್ಮ ಜವಾಬ್ದಾರಿ. ಬರೆದು ಸಹಿ ಮಾಡಿ ಕೊಡುತ್ತೇವೆ.

ಮರಾಠಿ ಪ್ರತಿಯ ಜೊತೆ ನಮ್ಮ ಭಾಗದ ಮೈದಾನಗಳ, ಶಾಲೆ ಅಂಗಳಗಳ ಪಟ್ಟಿ ಇರುತ್ತದೆ. ಯಾವ ಆಟದ ಮಕ್ಕಳು ಯಾವ ಹೊತ್ತಿಗೆ ಬರುತ್ತಾರೆ ಅನ್ನುವುದನ್ನೂ ಬರೆದಿರುತ್ತೇವೆ. ಮೊದಲು ಮೂರು ತಿಂಗಳು ಒಂದೇ ಮೈದಾನದಲ್ಲಿ ಈ ವೇಳಾಪಟ್ಟಿ ನಡೆಸಿ ನೋಡಿ, ಮಳೆಗಾಲ ಮುಗಿದ ಕೂಡಲೇ ಶುರು ಮಾಡಬಹುದು. ಮಾತಾಡಲು ಅರ್ಧ ಗಂಟೆ ಸಮಯ ಕೊಡಿ. ನಾವು ನಾಲ್ಕು ಜನ ಬರುತ್ತೇವೆ, ಇಬ್ಬರು ಆಡುವ ಹುಡುಗಿಯರೇ ಇರುತ್ತಾರೆ.

ಇಂತಿ ನಿಮ್ಮ ವಿಶ್ವಾಸಿ,
ಪುಣೆಯ ಒಬ್ಬ ಕನ್ನಡಿಗ, ಆಟಗಳ ಅಭಿಮಾನಿ